ನಮ್ಮ ಪುಸ್ತಕದ ಅಂಚಿನ ಪೆನ್ಸಿಲ್ ಗುರುತುಗಳು

ನೇಸರಗಿಯಲ್ಲಿದ್ದುಕೊಂಡು ವೆಬ್‌ಸೈಟ್ ಕಟ್ಟಲು ಕಲಿಯಬೇಕೆಂದರೆ ಆಗ ನಮಗೆ ಪುಸ್ತಕವೇ ಗತಿ. ಕಂಪ್ಯೂಟರ್ ಕ್ಲಾಸು ಬೈಲಹೊಂಗಲದಲ್ಲಿ, ಪುಸ್ತಕದಂಗಡಿ ಬೆಳಗಾವಿಯಲ್ಲಿ, ಇಂಟರ್ನೆಟ್ಟು ಸೈಬರ್ ಕೆಫೆಯಲ್ಲಿ ತಾಸಿಗಿಷ್ಟು ಅಂತ. ನಾನೂ ನನ್ನ ಗೆಳೆಯನೂ ರೊಕ್ಕ ಕೂಡಿಸಿ ಪುಸ್ತಕ ತರುತ್ತಿದ್ದೆವು. ಕಾನೇಟ್ಕರರ ‘ಲೆಟ್ ಅಸ್ ಸಿ’ ಅವನ ಮನೆಯಲ್ಲಿದ್ದರೆ ವೆಬ್ ಭಾಷೆಯಾದ ಪಿಎಚ್‌ಪಿಯ ದಪ್ಪನೆಯ ಪುಸ್ತಕ ನಮ್ಮಲ್ಲಿ. ಅದರ ಗಾತ್ರ ನೋಡಿ ನಮ್ಮಜ್ಜ, "ಯಾವ ಪುರಾಣೋ ತಮ್ಮಾ ಇದು?" ಅಂದಿದ್ದ.

ಕರೆಂಟ್ ಹೋದರೂ ಓದು ನಿಲ್ಲುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಪ್ರೋಗ್ರಾಂ ಬರೆಯುವವನು ನಾನು, ಕಂಪ್ಯೂಟರ್ ಆಗುವವನು ಅವನು. ಸಾಲಿನಿಂದ ಸಾಲಿಗೆ ಬೆರಳಿಡುತ್ತ, "ಐ ಈಗ ಮೂರು, ಈಗ ನಾಕು, ಮುಗೀಲೇ ಇಲ್ಲಲೇ ನಿನ್ನ ಲೂಪು" ಎಂದು ನಗುತ್ತಿದ್ದ. ಲೂಪ್ ಅಂದರೇನೆಂದು ನನಗೆ ತಿಳಿದದ್ದು ಆ ಬೆರಳಿನಿಂದಲೇ.

ಆದರೆ ಪಿಎಚ್‌ಪಿ ನಮ್ಮ ಪುಸ್ತಕಕ್ಕಾಗಿ ಕಾಯಲಿಲ್ಲ. ಫಾರಂನಲ್ಲಿ ತುಂಬಿದ ಹೆಸರು ತಾನಾಗಿಯೇ ವೇರಿಯಬಲ್ ಆಗಿ ಬರುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ವಿಳಾಸದ ಸಾಲಿನಲ್ಲಿ ಏನನ್ನಾದರೂ ಸೇರಿಸಿ ಯಾರು ಬೇಕಾದರೂ ಒಳನುಗ್ಗಬಹುದೆಂದು 2002ರ 4.2 ಆವೃತ್ತಿ ಆ ಸೌಲಭ್ಯವನ್ನು ಮೊದಲೇ ಬಂದ್ ಮಾಡಿಟ್ಟಿತು. ಕೆಫೆಯಲ್ಲಿ ನಮ್ಮ ಪುಟ ಖಾಲಿ! ಕಾರಣ ಹುಡುಕಿ ಗೆಳೆಯ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟ. ನೆಟ್‌ಸ್ಕೇಪ್ ಬ್ರೌಸರೇ ಕೈಬಿಟ್ಟಿದ್ದ ಲೇಯರ್ ಟ್ಯಾಗಿನ ಪಾಠಕ್ಕೆ ಅಡ್ಡಗೆರೆಯನ್ನೇ ಎಳೆದ. ಬರಬರುತ್ತ ಅಚ್ಚಾದ ಸಾಲಿಗಿಂತ ಅಂಚನ್ನೇ ನಾವು ಹೆಚ್ಚು ನಂಬತೊಡಗಿದೆವು.

ಕನ್ನಡದ ವಿಷಯಕ್ಕಂತೂ ಆ ಪುಸ್ತಕಗಳಲ್ಲಿ ಒಂದಕ್ಷರವೂ ಇರಲಿಲ್ಲ. ‘ನುಡಿ’ ತಂತ್ರಾಂಶದಲ್ಲೋ ‘ಬರಹ’ದಲ್ಲೋ ಟೈಪಿಸಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತಿತ್ತು. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ತಾಣ ಶುರು ಮಾಡಿದ್ದರಲ್ಲ, ಹಾಗಾದರೆ ದಾರಿ ಇದ್ದೇ ಇದೆ ಎಂಬ ಧೈರ್ಯ ನಮಗೆ. ಕೆಫೆಯಲ್ಲಿ ಕನ್ನಡ ತಾಣಗಳ ‘ವ್ಯೂ ಸೋರ್ಸ್’ ಒತ್ತಿ, ಕಂಡದ್ದನ್ನು ನಕಲು ಮಾಡಿಕೊಂಡು ಬರುತ್ತಿದ್ದೆವು. ಯೂನಿಕೋಡ್ ಎಲ್ಲೆಡೆ ಬಳಕೆಗೆ ಬಂದಾಗ ಆ ನಕಲೂ ಬೇಕಿಲ್ಲವಾಯಿತು.

ವಿಚಿತ್ರವೆಂದರೆ ದಪ್ಪ ಪುಸ್ತಕ ಬೇಗ ಹಳತಾಯಿತು, ತೆಳ್ಳಗಿನದು ಉಳಿಯಿತು. ಕರ್ನಿಗನ್ ಮತ್ತು ರಿಚಿ ಅವರ ಸಿ ಪುಸ್ತಕದ ಎರಡನೇ ಆವೃತ್ತಿ 1988ರದು, ಮುನ್ನೂರು ಪುಟವೂ ಇಲ್ಲ. ಮೂರನೇ ಆವೃತ್ತಿ ಬರಲೇ ಇಲ್ಲ, ಇಂದಿಗೂ ಓದಬಹುದು. ಅಂದು ಕಲಿತ ಎಸ್‌ಕ್ಯೂಎಲ್‌ನ ಸೆಲೆಕ್ಟ್ ಸಾಲನ್ನು ನಾನು ಈಗಲೂ ಬರೆಯುತ್ತೇನೆ. ಡೇಟಾಬೇಸಿಗೆ ಜೋಡಿಸಲು ಬಾಯಿಪಾಠ ಮಾಡಿದ್ದ ಮೈಎಸ್‌ಕ್ಯೂಎಲ್ ಫಂಕ್ಷನ್ನುಗಳನ್ನು ಮಾತ್ರ 2015ರ ಪಿಎಚ್‌ಪಿ 7 ಕಿತ್ತುಹಾಕಿತು.

ನಿಮ್ಮ ಮಾಡದಲ್ಲಿ ಪಿಎಚ್‌ಪಿ 4ರ ಪುಸ್ತಕವಿದ್ದರೆ ಮುಲಾಜಿಲ್ಲದೆ ರದ್ದಿಗೆ ಹಾಕಿ, ಅದನ್ನು ನೋಡಿ ಇಂದು ಸೈಟ್ ಕಟ್ಟಿದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಸಿ, ಎಸ್‌ಕ್ಯೂಎಲ್ ಪುಸ್ತಕಗಳಿದ್ದರೆ ಊರಿನ ಗ್ರಂಥಾಲಯಕ್ಕೆ ಕೊಡಿ. ಅಂಚಿನಲ್ಲಿ ಬರೆದದ್ದನ್ನು ಅಳಿಸಬೇಡಿ.