ಫೋಟೋ ಬೂತ್ ಮತ್ತು ಅಪ್ಪನ ಲೆಕ್ಕ

ಮಾಗಡಿಯಲ್ಲಿ ಅಪ್ಪನದ್ದೊಂದು ಸ್ಟುಡಿಯೋ ಇತ್ತು. "ಇತ್ತು" ಅಂದಾಗಲೇ ಕಥೆ ಗೊತ್ತಾಯ್ತು ಬಿಡಿ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬಾಗಿಲು ಹಾಕಿದ್ರು. ನಾನು ಬೆಂಗಳೂರಲ್ಲಿ ಕೋಡ್ ಕುಟ್ಟೋನು. ಅಪ್ಪ ಮನೇಲಿ ಸುಮ್ನೆ ಕೂತಿರೋದು ನೋಡೋಕಾಗದೆ, "ಮದುವೆ ಮನೆಗಳಲ್ಲಿ ಫೋಟೋ ಬೂತ್ ಇಡೋಣ" ಅಂದೆ. ರಾಮನಗರ, ಚನ್ನಪಟ್ಟಣ, ಕನಕಪುರ... ವಾರಾಂತ್ಯಕ್ಕೆ ಹೋಗಿಬರೋ ದೂರದಲ್ಲೇ ಎಷ್ಟೊಂದು ಛತ್ರಗಳು!

ಇದೇನು ಹೊಸ ಐಡಿಯಾ ಅಲ್ಲ. 1925ರಲ್ಲೇ ಅನತೋಲ್ ಜೋಸೆಫೋ ಅನ್ನೋನು ನ್ಯೂಯಾರ್ಕಿನಲ್ಲಿ ಇಂಥ ಬೂತ್ ಇಟ್ಟಿದ್ದ. 25 ಸೆಂಟ್‌ಗೆ 8 ಫೋಟೋ. ಎರಡು ವರ್ಷದಲ್ಲಿ ಅದನ್ನ ಹತ್ತು ಲಕ್ಷ ಡಾಲರ್‌ಗೆ ಮಾರಿದ. ನಾನೂ ಕನಸು ಕಾಣೋಕೆ ಶುರು ಮಾಡಿದೆ :-)

ಒಂದು ತಿಂಗಳು ಬರೀ ಕ್ಯಾಮೆರಾ ಹುಡುಕಾಟ. ಎರಡು ವರ್ಷದ ಉಳಿತಾಯ ಸುರಿದು ಫುಲ್ ಫ್ರೇಮ್ ತಗೊಳ್ಳೋದು ಅಂತ ಎಕ್ಸೆಲ್ ಶೀಟನ್ನೂ ಮಾಡಿದ್ದೆ. ಅಪ್ಪ ಒಂದೇ ಮಾತು ಕೇಳಿದ್ರು. "ಪ್ರಿಂಟ್ ಎಷ್ಟು ದೊಡ್ಡದೋ?" 4x6 ಇಂಚು. 300 ಡಿಪಿಐ ಅಂದ್ರೆ 1800x1200, ಸುಮಾರು 2 ಮೆಗಾಪಿಕ್ಸೆಲ್. ಅಪ್ಪನ ಹತ್ರ ಇದ್ದ ಕ್ಯಾನನ್ 1500ಡಿಯಲ್ಲೇ 24 ಇದೆ. ಇಂಜಿನಿಯರ್ ಮಗ ತೆಪ್ಪಗಾದ!

ಬೂತಲ್ಲಿ ಜನ ನಿಲ್ಲೋ ಜಾಗ ಬದಲಾಗಲ್ಲ, ಬೆಳಕೂ ಬದಲಾಗಲ್ಲ. ಅದಕ್ಕೆ ಫೋಕಸ್ ಮ್ಯಾನ್ಯುಯಲ್, ಎಫ್/8, 1/125. ಒಂದ್ಸಲ ಸೆಟ್ ಮಾಡಿದ್ರೆ ಮುಗೀತು. ಸ್ಟುಡಿಯೋದ ಹಳೇ ಫ್ಲಾಶ್, ಛತ್ರಿಗಳು ಸಾಕು. ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್, ಬ್ಯಾಟರಿ ಬದಲು ಕರೆಂಟ್ ಅಡಾಪ್ಟರ್, ಅಷ್ಟೇ ಬೇಕಿದ್ದದ್ದು.

ತಪ್ಪಾಗಿದ್ದು ಬೇರೆ ಕಡೆ. ಉಳಿದ ದುಡ್ಡು ಉಳೀಲಿ ಅಂತ ಸಣ್ಣ ಪ್ರಿಂಟರ್ ತಂದೆ. ಒಂದು ಫೋಟೋಗೆ 41 ಸೆಕೆಂಡ್, ಟ್ರೇಗೆ 18 ಹಾಳೆ. ಚನ್ನಪಟ್ಟಣದ ಮೊದಲ ಮದುವೇಲೇ ಗೊತ್ತಾಯ್ತು... ಸಾಲು ಊಟದ ಹಾಲ್ ತನಕ ಬೆಳೀತು. ರೇಷ್ಮೆ ಸೀರೆ ಉಟ್ಟ ಒಬ್ಬ ಅಜ್ಜಿ, ಫೋಟೋ ತೆಗೆಸಿಕೊಂಡು ಪ್ರಿಂಟ್‌ಗೆ ಕಾದು ಕಾದು, ಕೊನೇ ಬಸ್ ಅಂತ ಹೊರಟೇ ಬಿಟ್ರು. "ವಾಟ್ಸಾಪ್ ಮಾಡ್ತೀವಿ ಅಜ್ಜಿ" ಅಂದೆ. "ನಂಗೆ ಫೋನಿಲ್ಲ ಕಣಪ್ಪ" ಅಂದ್ರು.

ವಾಪಸ್ ಬರ್ತಾ ಅಪ್ಪ ಮಾತಾಡಲಿಲ್ಲ. ಮನೆ ಹತ್ರ ಬಂದಾಗ, "ಸ್ಟುಡಿಯೋದಿಂದ ಯಾರೂ ಬರಿಗೈಲಿ ಹೋಗಿರಲಿಲ್ಲ" ಅಂದ್ರು.

ಅವತ್ತು ರಾತ್ರಿ ಲೆಕ್ಕ ಹಾಕಿದೆ. 300 ಪ್ರಿಂಟ್‌ಗೆ 41 ಸೆಕೆಂಡ್ ಅಂದ್ರೆ ಮೂರು ಗಂಟೆ 25 ನಿಮಿಷ. ಡಿಎನ್‌ಪಿ ಆರ್‌ಎಕ್ಸ್1ಎಚ್‌ಎಸ್‌ನಲ್ಲಿ ಒಂದಕ್ಕೆ 12.4 ಸೆಕೆಂಡ್, ಅಂದ್ರೆ 62 ನಿಮಿಷ. ಒಂದು ರೋಲ್‌ಗೆ 700 ಪ್ರಿಂಟ್. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡೋರಿಗೆ ಸಾಲು ಕರಗಬೇಕು, ಆಗಲೇ ಮುಂದಿನ ಮದುವೆಗೂ ಕರೀತಾರೆ. ಕ್ಯಾಮೆರಾಗಿಟ್ಟ ದುಡ್ಡು ಪ್ರಿಂಟರಿಗೂ ಯುಪಿಎಸ್‌ಗೂ ಹೋಯ್ತು. 14 ಕೆಜಿ ತೂಕ ಮಾರಾಯ್ರೆ, ಹೊತ್ತು ಬೆನ್ನು ಹೋಗುತ್ತೆ!

ಪರೀಕ್ಷೆಗೆ ಮೊದಲ ಪ್ರಿಂಟ್ ಯಾವುದು ತೆಗೀಲಿ ಅಂತ ಕೇಳಿದೆ. ಅಪ್ಪ ಆ ಅಜ್ಜಿ ಫೋಟೋ ತೋರಿಸಿದ್ರು. ಮದುವೆ ಮನೆಯವರ ಹತ್ರ ಊರು ಕೇಳಿಕೊಂಡು, ಮಾರನೇ ದಿನ ಬಸ್ ಹತ್ತಿ ಅವರೇ ಕೊಟ್ಟು ಬಂದ್ರು. ಅಜ್ಜಿ ಕಾಫಿ ಕೊಟ್ರಂತೆ.

ಲಾಭ ಇನ್ನೂ ಬಂದಿಲ್ಲ. ಆದ್ರೆ ಶನಿವಾರ ನಾನು ಬರೋ ಹೊತ್ತಿಗೆ ಅಪ್ಪ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ರೆಡಿಯಾಗಿರ್ತಾರೆ.