ಮೋಡದ ಮೇಲಿನ ಅಟ್ಟ

ನಮ್ಮ ಹುಟ್ಟೂರಿನ ಮನೆಯಲ್ಲಿ ಒಂದು ಅಟ್ಟವಿತ್ತು. ಒಡೆದ ಲಾಟೀನು, ಕಾಲು ಮುರಿದ ತೊಟ್ಟಿಲು, ಇಲಿ ಕಡಿದ ಪಂಚಾಂಗ ಎಲ್ಲವೂ ಅಲ್ಲಿಗೆ ಏರುತ್ತಿದ್ದವು, ಇಳಿಯುತ್ತಿದ್ದುದು ಅಪರೂಪ. ಉದರನಿಮಿತ್ತವಾಗಿ ಮುಂಬಯಿಗೆ ಬಂದು ಒಂದೇ ಕೋಣೆಯಲ್ಲಿ ಬಿಡಾರ ಹೂಡಿದ ಮೇಲೆ, ಅಟ್ಟವಿಲ್ಲದ ಬಾಳು ಎಷ್ಟು ಚೊಕ್ಕಟವೆಂದು ನಾವು ಕೆಲಕಾಲ ಹಿಗ್ಗಿದ್ದುಂಟು. ಆದರೆ ಅಟ್ಟವು ನಮ್ಮನ್ನು ಬಿಟ್ಟಿರಲಿಲ್ಲ. ಮೋಡದ ಮೇಲೇರಿ ಕುಳಿತಿತ್ತು.

ಮೋಡವೆಂಬುದು ಹೆಸರಿಗೆ ಮಾತ್ರ. ನಮ್ಮ ಕಡತಗಳು ಆಕಾಶದಲ್ಲಿ ತೇಲುತ್ತಿಲ್ಲ. ಎಲ್ಲಿಯೋ ಒಂದು ಭದ್ರ ಕಟ್ಟಡದಲ್ಲಿ, ಹಗಲಿರುಳೂ ತಂಪು ಬೇಡುವ ಯಂತ್ರಗಳ ಹೊಟ್ಟೆಯಲ್ಲಿವೆ. ಗೂಗಲ್ಲಿನಲ್ಲಿ ನಮಗೆ ಕಾಸಿಲ್ಲದೆ ದೊರೆತ ತಾವು 15 ಜಿಬಿ. ಡ್ರೈವಿನ ಕಡತ, ಮಿಂಚಂಚೆ, ಭಾವಚಿತ್ರ ಮೂರೂ ಅದರಲ್ಲಿಯೇ ಹೊಂದಿಕೊಳ್ಳಬೇಕು. 2021ರ ಜೂನ್ 1ರಿಂದ ಹೊಸದಾಗಿ ಏರಿಸಿದ ಚಿತ್ರಗಳೆಲ್ಲ ಲೆಕ್ಕಕ್ಕೆ ಸೇರುತ್ತವೆಂಬುದನ್ನು ಕೇಳಿದ್ದೆವು, ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಈ ವಾರ್ಷಿಕ ಸಂಚಿಕೆಗೆಂದು ಮಕ್ಕಳು ಕಳುಹಿದ ಬರಹಗಳು ನಮಗೆ ಮುಟ್ಟದೆ ಹಿಂದಿರುಗತೊಡಗಿದಾಗ ಕಣ್ಣು ತೆರೆಯಿತು. ಅಟ್ಟ ತುಂಬಿದರೆ ಅಂಚೆಯೂ ಒಳಗೆ ಬಾರದು.

ಒಂದು ಭಾನುವಾರ ಸೊಂಟ ಕಟ್ಟಿ ಕುಳಿತೆವು. ಏನೆಂದು ಹೇಳೋಣ! ‘ಪ್ರಶ್ನೆಪತ್ರಿಕೆ’, ‘ಪ್ರಶ್ನೆಪತ್ರಿಕೆ ಹೊಸದು’, ‘ಪ್ರಶ್ನೆಪತ್ರಿಕೆ ಕೊನೆಯದು’, ‘ಕೊನೆಯದು ನಿಜವಾಗಿ’ — ವ್ಯಾಕರಣ ಕಲಿಸುವವರ ಮನೆಯಲ್ಲಿ ನಾಮಪದಗಳ ಅವಸ್ಥೆ ಇದು. ಹಳೆಯ ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಪಾಠಟಿಪ್ಪಣಿಗಳು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ರಂಗೋಲಿಯಾಗಿ ತೆರೆದುಕೊಂಡವು. ಅವನ್ನು ಯೂನಿಕೋಡಿಗೆ ತಿರುಗಿಸಿಟ್ಟುಕೊಂಡೆವು. ಉಳಿದವುಗಳಲ್ಲಿ, ಬರಿಯ ಅಂಕಿಗಳೇ ಹೆಸರಾಗಿದ್ದ ಅರುವತ್ತರಷ್ಟು ಧ್ವನಿಕಡತಗಳ ಸಂಪುಟವೊಂದಿತ್ತು. ಏನೆಂದು ತೆರೆದು ನೋಡದೆ ಕಸದ ಬುಟ್ಟಿಗೆ ನೂಕಿದೆವು. ಬುಟ್ಟಿಯಲ್ಲಿರುವ ಕಸವೂ ಜಾಗದ ಲೆಕ್ಕದಲ್ಲಿಯೇ ಇರುತ್ತದೆ. ಅದನ್ನು ಬರಿದು ಮಾಡಬೇಕು. ಅಷ್ಟರಲ್ಲಿ ಊಟಕ್ಕೆ ಕರೆ ಬಂದಿತು, ಎದ್ದೆವು, ಮರೆತೆವು. ನಮ್ಮ ಮರೆವನ್ನು ಮನೆಯವರು ಯಾವಾಗಲೂ ನಿಂದಿಸುವರು. ಈ ಒಂದು ಸಲ ಅದಕ್ಕೆ ನಾವು ಋಣಿಗಳು.

ಹನ್ನೊಂದು ದಿನಗಳ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಳು. “ಸರ್, ನಾಲ್ಕನೇ ತರಗತಿಯಲ್ಲಿ ಅಜ್ಜಿಯ ಕೈಯಲ್ಲಿ ಒಗಟು ಹೇಳಿಸಿ ಕಳಿಸಿದ್ದೆ. ನಮ್ಮ ಮೊಬೈಲು ಹಾಳಾಯಿತು. ನಿಮ್ಮಲ್ಲಿದೆಯೇ?” ಅಜ್ಜಿ 2021ರಲ್ಲಿ ತೀರಿಕೊಂಡಿದ್ದರು.

ಆಗ ನೆನಪಾಯಿತು. 2020ರಲ್ಲಿ ಶಾಲೆ ಮುಚ್ಚಿದ್ದಾಗ, ಮನೆಯ ಹಿರಿಯರಿಂದ ಒಂದೊಂದು ಒಗಟು ಹೇಳಿಸಿ ಕಳುಹಿಸಿರೆಂದು ಮನೆಗೆಲಸ ಕೊಟ್ಟವರು ನಾವೇ. ಅಂಕ ಕೊಟ್ಟೆವು, ಹೆಸರು ಕೊಡಲಿಲ್ಲ. ಡ್ರೈವಿನ ಬುಟ್ಟಿ ಮೂವತ್ತು ದಿನ ಕಾದು ತಾನಾಗಿ ಬರಿದಾಗುತ್ತದೆ. ಇನ್ನೂ ಹತ್ತೊಂಬತ್ತು ದಿನ ಉಳಿದಿದ್ದವೆಂದು ಲೆಕ್ಕ ಹಾಕುವಾಗಲೂ ಕೈ ನಡುಗುತ್ತಿತ್ತು.

ಎಲ್ಲವನ್ನೂ ಮರಳಿ ತಂದು ಮೂರು ರಾತ್ರಿ ಕೇಳುತ್ತ ಕುಳಿತೆವು. ಕುಕ್ಕರಿನ ಸೀಟಿ, ಲೋಕಲ್ ಗಾಡಿಯ ಸದ್ದು, “ಜೋರಾಗಿ ಹೇಳಜ್ಜಿ” ಎಂಬ ಪಿಸುಮಾತು. ಒಬ್ಬ ಅಜ್ಜಿ ಒಗಟು ಬಿಟ್ಟು ತವರಿನ ಬಾವಿಯ ನೀರಿನ ರುಚಿಯನ್ನೇ ಬಣ್ಣಿಸಿದ್ದರು. ಆ ಹುಡುಗನಿಗೆ ನಾವು ಪೂರ್ಣ ಅಂಕ ಕೊಟ್ಟಿರಲಿಲ್ಲವೆಂಬುದು ಈಗ ನಾಚಿಕೆಯ ಸಂಗತಿ. ಆ ವರ್ಷ ಊರಿಗೆ ಹೋಗಿ ಮತ್ತೆ ನಮ್ಮ ಶಾಲೆಗೆ ಮರಳದ ಮಕ್ಕಳ ಗಂಟಲೂ ಅಲ್ಲಿದ್ದವು. ಹುಡುಗಿಯ ಅಜ್ಜಿ ದೊರೆತದ್ದು ಎರಡನೆಯ ರಾತ್ರಿ. ಮರುದಿನ ಅವಳು ಅಲ್ಲಿಯೇ ನಿಂತು ಕೇಳಲಿಲ್ಲ. ಮನೆಗೆ ಹೋಗಿ ತಾಯಿಯೊಡನೆ ಕೇಳುವೆನೆಂದಳು.

ಜಾಗ ಬೇಕಿದ್ದದ್ದು ನಿಜ. ಅದು ಸಿಕ್ಕಿದ್ದು ವಾರ್ಷಿಕೋತ್ಸವದ ಎರಡು ಚಲಚ್ಚಿತ್ರಗಳನ್ನು ಶಾಲೆಯ ಗಣಕಕ್ಕೆ ಇಳಿಸಿ, ಮೇಲಿನಿಂದ ಅಳಿಸಿದಾಗ. ಅರುವತ್ತು ಅಜ್ಜಿಯರೂ ಸೇರಿ ಅವುಗಳಲ್ಲೊಂದರ ಅರ್ಧದಷ್ಟೂ ತೂಗುತ್ತಿರಲಿಲ್ಲ! ಈಗ ಪ್ರತಿ ಕಡತಕ್ಕೂ ಮೊದಲು ವರ್ಷ, ಬಳಿಕ ಮಗುವಿನ ಹೆಸರು, ಬಳಿಕ ಊರು ಬರೆದಿದ್ದೇವೆ; ವರ್ಷ ಮುಂದಿದ್ದರೆ ಅವು ತಾವೇ ಸಾಲಾಗಿ ನಿಲ್ಲುತ್ತವೆ.

ಒಂದು ಮಾತ್ರ ಉಳಿದಿದೆ. ಹಿನ್ನೆಲೆಯಲ್ಲಿ ಕೋಳಿ ಕೂಗುತ್ತದೆ; ಮುದುಕಿಯೊಬ್ಬಳು ಒಗಟು ಹೇಳಿ, ಉತ್ತರವನ್ನು ನಾಳೆ ಹೇಳುತ್ತೇನೆಂದು ನಗುತ್ತಾಳೆ. ಮಗುವಿನ ಧ್ವನಿಯಿಲ್ಲ. ‘2020, ಯಾರದೋ ಅಜ್ಜಿ’ ಎಂದು ಹೆಸರಿಟ್ಟಿದ್ದೇವೆ. ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿಗಳಾರಾದರೂ ಬಂದು ಕೇಳಿ ಗುರುತಿಸಿದರೆ ಉಪಕೃತರಾಗುವೆವು.