ಜೀಪಿಗೆ ಧೂಳು ಹಿಡಿಸಿದ ಕಥೆ

ಮನುಷ್ಯನಾಗಿ ಹುಟ್ಟಿದ ಮೇಲೆ ಒಂದಿಲ್ಲೊಂದು ಹುಚ್ಚು ಇದ್ದೇ ಇರುತ್ತದೆಂದು ತೋರುತ್ತದೆ. ನಮ್ಮ ವಿದ್ಯಾರ್ಥಿನಿಲಯದ ಮಿತ್ರರಲ್ಲಿ ಒಬ್ಬನಿಗೆ ಅಂಚೆಚೀಟಿ ಕೂಡಿಸುವ ಹುಚ್ಚು. ಇನ್ನೊಬ್ಬನಿಗೆ ಕ್ರಿಕೆಟ್ಟಿನ ಅಂಕಿಗಳನ್ನು ಬಾಯಿಪಾಠ ಮಾಡುವ ಹುಚ್ಚು. ಮತ್ತೊಬ್ಬನಿಗೆ ಕವಿತೆ ಬರೆಯುವ ಹುಚ್ಚು. ಈ ಕೊನೆಯದಕ್ಕೆ ಮಾತ್ರ ಮದ್ದಿಲ್ಲವೆಂದು ನಮ್ಮ ಕನ್ನಡ ಅಧ್ಯಾಪಕರೇ ಹೇಳಿಬಿಟ್ಟಿದ್ದಾರೆ. ನನ್ನ ಹುಚ್ಚು ಇವೆಲ್ಲಕ್ಕಿಂತ ವಿಚಿತ್ರವಾದುದು. ನಾನು ಹೊಸ ಗಾಡಿಗಳನ್ನು ಹಳೆಯವನ್ನಾಗಿ ಮಾಡುತ್ತೇನೆ. ಗಾಡಿಗಳೆಂದರೆ ಬೀದಿಯಲ್ಲಿ ಓಡುವಂಥವಲ್ಲ. ಅಂಗೈಯ ಮೇಲೆ ನಿಲ್ಲುವ ಪ್ಲಾಸ್ಟಿಕ್ಕಿನ ಯುದ್ಧವಾಹನಗಳು. ಅವುಗಳ ತುಂಡುಗಳನ್ನು ಜೋಡಿಸಿ, ಬಣ್ಣ ಬಳಿದು, ಆಮೇಲೆ ಆ ಬಣ್ಣ ಸವೆದಂತೆ, ಕೆಸರು ಹತ್ತಿದಂತೆ, ಧೂಳು ಕೂತಂತೆ ಮಾಡುವುದು ನನ್ನ ಬಿಡುವಿನ ಉದ್ಯೋಗ. “ಲೋಕವೆಲ್ಲ ಹಳೆಯದಕ್ಕೆ ಬಣ್ಣ ಬಳಿದು ಹೊಸದೆಂದು ಮಾರುತ್ತಿರುವಾಗ ನೀನೊಬ್ಬ ತದ್ವಿರುದ್ಧ” ಎಂದು ನನ್ನ ಕೋಣೆಯ ಮಿತ್ರ ಹಾಸ್ಯ ಮಾಡುತ್ತಾನೆ. ಮಾಡಲಿ. ಅವನ ಹಾಸಿಗೆಗೆ ಟರ್ಪೆಂಟೈನಿನ ವಾಸನೆ ಹತ್ತಿಸಿದವನು ನಾನೇ ಆದ್ದರಿಂದ ನನಗೆ ಎದುರು ಹೇಳುವ ಅಧಿಕಾರವಿಲ್ಲ.

ಈ ಹುಚ್ಚನ್ನು ಹಿಡಿಸಿದವರು ನನ್ನ ಸೋದರಮಾವ. ಪಿ. ಯು. ಸಿ. ಮುಗಿಸಿದಾಗ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದುಕೊಟ್ಟರು. ಜಪಾನಿನ ಶಿಜುಓಕಾ ಪಟ್ಟಣದ ತಾಮಿಯಾ ಸಂಸ್ಥೆಯವರು ಮಾಡಿದ ವಿಲ್ಲೀಸ್ ಜೀಪಿನ ಮಾದರಿ ಅದು. ಜೀಪನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಅಮೆರಿಕಾದ ವಿಲ್ಲೀಸ್-ಓವರ್‌ಲ್ಯಾಂಡ್ ಕಂಪನಿ 1941ರಲ್ಲಿ ತಯಾರಿಸತೊಡಗಿದ ಈ ಗಾಡಿಯನ್ನು ಅದೇ ನಕ್ಷೆಯಂತೆ ಫೋರ್ಡ್ ಕಂಪನಿಯೂ ತಯಾರಿಸಿ, 1945ರ ಹೊತ್ತಿಗೆ ಎರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳು ಹೊರಬಿದ್ದವು. ನಿಜವಾದ ಗಾಡಿಯ ಉದ್ದ ಸುಮಾರು 333 ಸೆಂಟಿಮೀಟರು. ನನ್ನ ಮಾದರಿ ಅದರ ಮೂವತ್ತೈದನೆಯ ಒಂದು ಪಾಲು. ಎಂದರೆ ಒಂಬತ್ತೂವರೆ ಸೆಂಟಿಮೀಟರು, ಒಂದು ಬೀಡಿ ಕಟ್ಟಿಗಿಂತ ಕೊಂಚ ದೊಡ್ಡದು.

ಇದೇಕೆ ಮೂವತ್ತೈದು, ಲೆಕ್ಕಕ್ಕೆ ಸುಲಭವಾದ ಮೂವತ್ತೋ ನಲವತ್ತೋ ಏಕಲ್ಲ ಎಂದು ಗಣಿತದ ಮಿತ್ರರು ಕೇಳಬಹುದು. 1960ರ ದಶಕದ ಆರಂಭದಲ್ಲಿ ತಾಮಿಯಾದವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಒಂದು ಮಾದರಿ ಮಾಡಿದರು. ಅದು ತಾನಾಗಿ ಓಡಬೇಕಾದರೆ ಹೊಟ್ಟೆಯೊಳಗೆ ಮೋಟಾರೂ ಸೆಲ್ಲುಗಳೂ ಹಿಡಿಸಬೇಕಲ್ಲ! ಹಾಗೆ ಹಿಡಿಸುವಷ್ಟು ದೊಡ್ಡದು ಮಾಡಿ, ಆಮೇಲೆ ಅಳೆದು ನೋಡಿದರೆ ಅದು ಮೂವತ್ತೈದರ ಒಂದು ಪಾಲಿಗೆ ಬಂದಿತ್ತಂತೆ. ಎರಡು ಸೆಲ್ಲುಗಳ ಗಾತ್ರ ಕಟ್ಟಿಕೊಟ್ಟ ಈ ಅಳತೆಯನ್ನು ಆಮೇಲೆ ಇತರ ತಯಾರಕರೂ ಅನುಸರಿಸಿದರು.

ಜೋಡಿಸುವುದು ಕಷ್ಟವಲ್ಲ, ತಾಳ್ಮೆಯಿದ್ದರೆ ಸಾಕು. ಬಣ್ಣದಲ್ಲೇ ಇರುವುದು ಪರೀಕ್ಷೆ. ಮೇಲಿಂದ ಕೆಳಗಿನವರೆಗೆ ಒಂದೇ ಹಸಿರು ಬಳಿದಿಟ್ಟರೆ ಅದು ಜಾತ್ರೆಯ ಆಟಿಕೆಯಂತೆ ಕಾಣುತ್ತದೆ. ನಿಜವಾದ ಗಾಡಿಯ ಸಂದುಗೊಂದುಗಳಲ್ಲಿ ನೆರಳು ಬೀಳುತ್ತದೆ. ಇಷ್ಟು ಚಿಕ್ಕದರಲ್ಲಿ ಆ ನೆರಳು ತಾನಾಗಿ ಸಾಲದು, ಬಣ್ಣಗಾರನೇ ಅದನ್ನು ಬರೆದು ಸೇರಿಸಬೇಕು. ಇದಕ್ಕೊಂದು ಉಪಾಯವುಂಟು. ಕಂದುಬಣ್ಣದ ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ಮಜ್ಜಿಗೆನೀರಿನಷ್ಟು ತೆಳ್ಳಗೆ ಕದಡಿ ಕುಂಚದ ತುದಿಯಿಂದ ಮುಟ್ಟಿಸಿದರೆ, ಅದು ತಾನೇ ಹರಿದುಹೋಗಿ ಮೊಳೆಯ ಸುತ್ತ, ಬಾನೆಟ್ಟಿನಂಚಿನ ಗೆರೆಯಲ್ಲಿ, ಜಾಲರಿಯ ಒಂಬತ್ತು ಸೀಳುಗಳಲ್ಲಿ ನಿಲ್ಲುತ್ತದೆ. ಬಳಿಕ ತಿಳಿಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಗೆ ಒರಸಿ ಒರಸಿ ಹೆಚ್ಚುಕಡಮೆ ಒಣಗಿಸಿ, ಉಬ್ಬಿದ ಅಂಚುಗಳ ಮೇಲೆ ಸವರಬೇಕು. ತಗ್ಗಿನಲ್ಲಿ ನೆರಳು, ಉಬ್ಬಿನಲ್ಲಿ ಬೆಳಕು ಮೂಡುತ್ತದೆ. ಈ ವಿದ್ಯೆಯನ್ನು ಲೋಕಕ್ಕೆ ಹರಡಿದವರಲ್ಲಿ ಅಮೆರಿಕಾದ ಶೆಪರ್ಡ್ ಪೇನ್, ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್ ಎಂಬಿಬ್ಬರ ಹೆಸರು ದೊಡ್ಡದು. ಕಿತ್ತುಹೋದ ಬಣ್ಣಕ್ಕೆ ಪಾತ್ರೆ ಉಜ್ಜುವ ಸ್ಪಂಜಿನ ಚೂರು. ಧೂಳಿಗೆ ಅರೆದ ಸೀಮೆಸುಣ್ಣ. ಈ ಸೀಮೆಸುಣ್ಣ ಎಲ್ಲಿಯದೆಂದು ಅಧ್ಯಾಪಕರು ದಯವಿಟ್ಟು ವಿಚಾರಿಸಬಾರದು.

ಇಷ್ಟು ಕಲಿತಮೇಲೆ ನನ್ನ ತಲೆ ನಿಲ್ಲಲಿಲ್ಲ. ಕಾಲೇಜಿನ ವಸ್ತುಪ್ರದರ್ಶನ ಹತ್ತಿರ ಬಂದಿತ್ತು. ಬಹುಮಾನದ ಆಸೆಯೂ ಇತ್ತು. ಜೀಪಿನ ಮೈಗೆಲ್ಲ ತುಕ್ಕು ಹಿಡಿಸಿದೆ. ಊರಿನಿಂದ ತಂದ ಹೊಲದ ಕೆಮ್ಮಣ್ಣನ್ನು ಅಂಟಿನಲ್ಲಿ ಕಲಸಿ ಗಾಲಿಗಳಿಗೆ ಮೆತ್ತಿದೆ. ಇಷ್ಟಕ್ಕೂ ತೃಪ್ತಿಯಾಗದೆ ಸೂಜಿಯನ್ನು ಕಾಯಿಸಿ ಬಲಮಗ್ಗುಲಿನಲ್ಲಿ ಸಾಲಾಗಿ ಐದು ತೂತು ತೆಗೆದೆ. ಗುಂಡಿನೇಟುಗಳು! ಅವುಗಳ ಸುತ್ತ ಕಪ್ಪು ಮಸಿ, ಅಂಚಿಗೆ ಪೆನ್ಸಿಲಿನ ಸೀಸ ಉಜ್ಜಿ ಲೋಹದ ಹೊಳಪು. ನೋಡಿದವರೆಲ್ಲ ಭಲೇ ಎಂದರು. ಟರ್ಪೆಂಟೈನಿನ ಮಿತ್ರನೂ ಎಂದ.

ದೀಪಾವಳಿಯ ರಜಕ್ಕೆ ಊರಿಗೆ ಹೋಗುವಾಗ ಅದನ್ನು ಹತ್ತಿಯಲ್ಲಿ ಸುತ್ತಿ ಒಯ್ದೆ. ನಮ್ಮ ತಾತ ಸೈನ್ಯದಲ್ಲಿ ಡ್ರೈವರಾಗಿದ್ದವರು. 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಬಾಡಮೇರಿನ ಕಡೆಯಿಂದ ಗಡಿ ದಾಟಿ, ನಯಾ ಛೋರ್‌ನತ್ತ ನಡೆದ ಸೈನ್ಯದ ಹಿಂದೆ ನೀರು, ದಿನಸಿ ಸಾಗಿಸಿದವರು. ಇಷ್ಟು ಮಾತ್ರ ನಮಗೆ ಗೊತ್ತಿತ್ತು. ಆ ವಿಷಯ ಎತ್ತಿದರೆ ಅವರು “ಗಾಡಿ ಓಡಿಸ್ತಿದ್ದೆ ಕಣೋ” ಎಂದು ಅಲ್ಲಿಗೇ ಮುಗಿಸುತ್ತಿದ್ದರು.

ತಾತ ಜಗಲಿಯ ಮೇಲೆ ಕೂತು ಜೀಪನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕವನ್ನು ಹಣೆಗೇರಿಸಿ ನೋಡಿದರು. ತಿರುಗಿಸಿ ತಿರುಗಿಸಿ ನೋಡಿದರು.

“ಇದರ ಡ್ರೈವರ್ ಯಾರೋ?”

“ಡ್ರೈವರ್ ಇಲ್ಲ ತಾತ. ಬರೀ ಗಾಡಿ.”

“ಇದ್ದಿದ್ದರೆ ಕ್ವಾರ್ಟರ್ ಗಾರ್ಡಿಗೆ ಹಾಕಬೇಕಿತ್ತು ಅವನನ್ನ. ಓಡೋ ಗಾಡಿಗೆ ಇಷ್ಟು ತುಕ್ಕು ಹಿಡಿಯೋಕೆ ಬಿಡ್ತಾರೇನೋ? ದಿನಾ ಬೆಳಗ್ಗೆ ಒರೆಸಿ, ಎಣ್ಣೆ ನೋಡಿ, ಹವಾಲ್ದಾರನಿಗೆ ತೋರಿಸಿ ಆಮೇಲೆ ನಮಗೆ ಚಹಾ. ತುಕ್ಕು ಹಿಡಿಯೋದು ಬಿಟ್ಟುಹೋದ ಗಾಡಿಗೆ.”

ನಾನು ಏನು ಹೇಳಲಿ? ಉಗುರಿನಿಂದ ಗಾಲಿಯ ಮಣ್ಣನ್ನು ಕೆರೆದು ನೋಡಿದರು.

“ಇದು ನಮ್ಮ ಹೊಲದ ಮಣ್ಣಲ್ಲವೇನೋ?”

“ಹೌದು ತಾತ.”

“ಹಾಗಾದರೆ ಯುದ್ಧ ನಮ್ಮ ರಾಗಿ ಹೊಲದಲ್ಲೇ ಆಯ್ತು ಅನ್ನು. ಮಣ್ಣಲ್ಲ ಇದು, ಕಲ್ಲು. ಈ ಗಾಡಿಗೆ ಇಷ್ಟು ದಪ್ಪ ಹರಳು ಎಲ್ಲಿಂದ ಬರಬೇಕು?”

ಆಗ ನನಗೆ ಲೆಕ್ಕ ಹೊಳೆಯಿತು. ಒಂದು ಮಿಲಿಮೀಟರಿನ ಮರಳಿನ ಹರಳು ಈ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರಿನ ಜಲ್ಲಿಕಲ್ಲಾಗುತ್ತದೆ. ಗಾಡಿಯನ್ನು ಮೂವತ್ತೈದು ಪಾಲು ಕುಗ್ಗಿಸಿದ ನಾನು ಮಣ್ಣನ್ನು ಕುಗ್ಗಿಸುವುದನ್ನು ಮರೆತಿದ್ದೆ. ತಾತ ಅಂಕಗಣಿತವಿಲ್ಲದೆ ಅದನ್ನು ಕಂಡಿದ್ದರು. ಅವರು ಅಲ್ಲಿಗೆ ನಿಲ್ಲಿಸುತ್ತಾರೆಂದುಕೊಂಡೆ, ಮುಂದುವರಿಸಿದರು. ಮರುಭೂಮಿಯಲ್ಲಿ ತುಕ್ಕಿಗೆ ಬೇಕಾದ ತೇವವೇ ಇಲ್ಲ. ಅಲ್ಲಿ ಮರಳೇ ಬಣ್ಣ ತಿನ್ನುವುದು, ಉಜ್ಜುಕಾಗದ ಹಿಡಿದು ತಿಕ್ಕಿದ ಹಾಗೆ. ಬಣ್ಣ ಹೋದಲ್ಲಿ ತಗಡು ಬೆಳ್ಳಗೆ ಹೊಳೆಯುವುದು. ಡ್ರೈವರು ಹತ್ತಿಳಿಯುವ ಕಡೆ ಬೂಟು ತಾಕಿ ತಾಕಿ ಅಂಚು ಸವೆಯುವುದು. ನೀರಿನ ಡಬ್ಬ ಇಡುವ ಕಡೆ ಡಬ್ಬದ ತಳದ ಗುರುತು. ಬಾನೆಟ್ಟಿನ ಕೊಂಡಿಯ ಹತ್ತಿರ ಬೆರಳಿನ ಜಿಡ್ಡು, ಅದರ ಮೇಲೆ ಧೂಳು. ಹೊಳೆದರೆ ದೂರಕ್ಕೆ ಕಾಣುತ್ತದೆಂದು ಮುಂದಿನ ಗಾಜನ್ನು ಮಡಚಿ ಗೋಣಿ ಹೊದಿಸುತ್ತಿದ್ದರಂತೆ. ಐವತ್ತು ವರ್ಷ ಬಾಯಿಬಿಡದ ಮನುಷ್ಯ ಅರ್ಧ ಗಂಟೆ ಒಂದೇ ಸಮನೆ ಮಾತಾಡಿದರು. ಅಜ್ಜಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದಳು.

ಕೊನೆಗೆ ಅವರ ಬೆರಳು ಬಲಮಗ್ಗುಲಿಗೆ ಬಂತು.

“ಇದೇನು?”

“ಗುಂಡೇಟು ತಾತ.”

“ನಿಂಬೆಕಾಯಿಯಷ್ಟು ದಪ್ಪ ಗುಂಡೇ?” ಎಂದು ನಕ್ಕರು. ಸರಿಯಾಗಿಯೇ ಇತ್ತು, 7.62 ಮಿಲಿಮೀಟರಿನ ಗುಂಡಿನ ತೂತು ಈ ಅಳತೆಯಲ್ಲಿ ಕಾಲು ಮಿಲಿಮೀಟರೂ ಇರಬಾರದು. ನಾನೂ ನಕ್ಕೆ. ಆದರೆ ಅವರ ಬೆರಳು ಆ ಐದು ತೂತುಗಳ ಮೇಲೆ ಒಂದೊಂದಾಗಿ ನಡೆದು, ಪಕ್ಕದ ಸೀಟಿನ ಬಳಿಗೆ ಹೋಗಿ ನಿಂತಿತು.

“ಇಲ್ಲಿ ಕೂತಿದ್ದವನು ಏನಾದ?”

“ಯಾರೂ ಕೂತಿರಲಿಲ್ಲ ತಾತ. ಸುಮ್ಮನೆ... ಅಂದಕ್ಕೆ ಮಾಡಿದೆ.”

ತಾತ ಜೀಪನ್ನು ಜಗಲಿಯ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು:

“ಒಂದು ಸಲ ಸೀಟು ತೊಳೆದಿದ್ದೇನೆ. ನೀರಿಗೆ ಬರ ಇರೋ ಜಾಗ ಅದು. ಕುಡಿಯೋಕೆ ಅಂತ ಇಟ್ಟಿದ್ದ ನೀರಲ್ಲೇ ತೊಳೆದೆ.”

ಆಮೇಲೆ ಎದ್ದು ದನಗಳಿಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದರು. ಯಾರು, ಎಲ್ಲಿ ಎಂದು ನಾನು ಕೇಳಲಿಲ್ಲ. ಈವರೆಗೂ ಕೇಳಿಲ್ಲ.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಗಾಡಿಯ ಮೈಮೇಲಿನ ಒಂದೊಂದು ಗುರುತೂ ಒಬ್ಬ ಮನುಷ್ಯನ ಬೂಟಿನಿಂದಲೋ ಕೈಯಿಂದಲೋ ಮೈಯಿಂದಲೋ ಆದದ್ದು. ನಾನು ಮನುಷ್ಯನನ್ನು ಬಿಟ್ಟು ಗುರುತುಗಳನ್ನಷ್ಟೇ ಎಣಿಸಿ ಹಚ್ಚಿದ್ದೆ. ಹಣೆಗೆ ವಿಭೂತಿ ಬಳಿದುಕೊಂಡು ಭಕ್ತನೆನಿಸಿಕೊಳ್ಳುವ ಹಾಗೆ ನನ್ನ ಜೀಪು ತುಕ್ಕು ಬಳಿದುಕೊಂಡು ಯೋಧನೆನಿಸಿಕೊಂಡಿತ್ತು.

ಬೆಳಗ್ಗೆ ಕೆಲಸಕ್ಕೆ ಕೂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಕೆಮ್ಮಣ್ಣನ್ನು ಬಿಸಿನೀರಿನಲ್ಲಿ ನೆನೆಸಿ ಕೆರೆದೆ. ತೂತುಗಳಿಗೆ ಲಪ್ಪ ತುಂಬಿ, ಒಣಗಿದ ಮೇಲೆ ಉಜ್ಜುಕಾಗದದಿಂದ ಮಟ್ಟಸ ಮಾಡಿದೆ. ಬಾನೆಟ್ಟಿನ ಬಿಳಿಯ ಅಮೆರಿಕನ್ ನಕ್ಷತ್ರವನ್ನು ಅಳಿಸಿ ಮತ್ತೆ ಹಸಿರು ಬಳಿದೆ. ತಾತ ಓಡಿಸಿದ್ದು ವಿಲ್ಲೀಸಿನ ದಾಯಾದಿಯಾದ ಮಹೀಂದ್ರ ಜೀಪು. ಅದರ ಮೂತಿ ಇನ್ನಷ್ಟು ಎತ್ತರ. ಆದರೆ ವಿಲ್ಲೀಸ್ ಗಾಡಿಗಳೂ ಸ್ವಾತಂತ್ರ್ಯಾನಂತರ ನಮ್ಮ ಸೈನ್ಯದಲ್ಲಿ ಓಡಿದವಾದ್ದರಿಂದ ನನ್ನ ಮನಸ್ಸಿಗೆ ಅಷ್ಟು ಸಮಾಧಾನ ಸಾಕಾಯಿತು. ಗಾಜನ್ನು ಮಡಚಿ, ತೆಳುಕಾಗದವನ್ನು ಅಂಟಿನಲ್ಲಿ ನೆನೆಸಿ ಗೋಣಿಯಂತೆ ಹೊದಿಸಿದೆ. ಡ್ರೈವರು ಇಳಿಯುವ ಎಡದಂಚಿಗೆ ಮಾತ್ರ ಪೆನ್ಸಿಲಿನ ಸೀಸ ಉಜ್ಜಿದೆ. ಪಕ್ಕದವನು ಇಳಿಯುವ ಕಡೆ ಅದಕ್ಕಿಂತ ಕಡಮೆ. ಬಾನೆಟ್ಟಿನ ಕೊಂಡಿಯ ಬಳಿ ಜಿಡ್ಡಿನ ಒಂದು ಚುಕ್ಕೆ. ಕೊನೆಗೆ ಬಿಳಿಯ ಮತ್ತು ಹಳದಿಯ ಸೀಮೆಸುಣ್ಣವನ್ನು ಅರೆದು, ಅಜ್ಜಿಯ ಹಳೆಯ ಸೀರೆಯ ಚೂರಿನಲ್ಲಿ ಎರಡು ಸಲ ಸೋಸಿ, ನಯವಾದ ಹುಡಿಯನ್ನು ತಗ್ಗುಗಳಲ್ಲಿ ಕುಂಚದಿಂದ ಕೂರಿಸಿದೆ. ಮೂರು ದಿನ ಹಿಡಿಯಿತು.

ಪ್ರದರ್ಶನದಲ್ಲಿ ನನಗೆ ಬಹುಮಾನ ಬರಲಿಲ್ಲ. ಅದು ಮೇಣದ ಬೇಲೂರು ದೇವಸ್ಥಾನಕ್ಕೆ ಹೋಯಿತು, ನ್ಯಾಯವಾಗಿಯೇ ಹೋಯಿತು. ನನ್ನ ಜೀಪಿನ ಮುಂದೆ ಬಂದವರಲ್ಲಿ ಅನೇಕರು ಒಂದು ಕ್ಷಣ ನಿಂತು ಮುಂದೆ ಹೋದರು. ಮೊದಲು ಭಲೇ ಎಂದಿದ್ದ ಮಿತ್ರನೇ, “ಅಯ್ಯೋ, ಗುಂಡೇಟುಗಳನ್ನು ಯಾಕೆ ಮುಚ್ಚಿಬಿಟ್ಟೆ? ಅದರಲ್ಲೇ ಇದ್ದದ್ದು ಸೊಗಸು” ಎಂದು ಮರುಗಿದ. ಅವನಿಗೆ ಆಗ ಉತ್ತರ ಕೊಡಲಿಲ್ಲ. ಅವನು ಈ ಸಂಚಿಕೆಯನ್ನು ಓದುತ್ತಾನೆಂದು ನಂಬಿದ್ದೇನೆ.

ಜೀಪು ಈಗ ಊರಿನ ಮನೆಯಲ್ಲಿ, ತಾತನ ಮಂಚದ ಮೇಲಿನ ಗೂಡಿನಲ್ಲಿ, ಅವರ ಕನ್ನಡಕದ ಡಬ್ಬಿಯ ಪಕ್ಕದಲ್ಲಿ ನಿಂತಿದೆ. ಕಳೆದ ಸಲ ಹೋದಾಗ ಕೈಗೆತ್ತಿಕೊಂಡು ನೋಡಿದರೆ ನಾನು ಅಷ್ಟು ಕಷ್ಟಪಟ್ಟು ಕೂರಿಸಿದ್ದ ಧೂಳು ಬಾನೆಟ್ಟಿನ ಮೇಲೆ ಒಂದಿಷ್ಟೂ ಉಳಿದಿರಲಿಲ್ಲ. ಏನಾಯಿತೆಂದು ಅಜ್ಜಿಯನ್ನು ಕೇಳಿದೆ.

“ನಿಮ್ಮ ತಾತ ದಿನಾ ಬೆಳಗ್ಗೆ ಪಂಚೆ ಚುಂಗಿನಲ್ಲಿ ಒರೆಸ್ತಾರೆ. ಆಮೇಲೇ ಕಾಫಿ ಕೇಳೋದು” ಎಂದಳು.

ಮತ್ತೆ ಧೂಳು ಹಾಕೋಣವೆಂದು ಸೀಮೆಸುಣ್ಣ ತಂದಿದ್ದೆ. ಹಾಗೆಯೇ ಜೇಬಿನಲ್ಲಿಟ್ಟುಕೊಂಡು ಹಿಂದಿರುಗಿದೆ.